ಬಾಡಿಗೆ ರಸೀದಿಯಲ್ಲಿ ಕಾಣಿಸದ ಬೆಲೆ

ಮುಂಬಯಿಯಲ್ಲಿ ಮನೆ ಏಕೆ ಇಷ್ಟು ದುಬಾರಿ ಎಂಬ ಪ್ರಶ್ನೆಗೆ ಆ ನಗರದ ಬಹುತೇಕ ಎಲ್ಲರ ಬಳಿಯೂ ಸಿದ್ಧ ಉತ್ತರವೊಂದಿದೆ: ಮೂರು ಕಡೆ ಕಡಲು, ಇರುವ ನೆಲ ಅಂಗೈಯಗಲ, ಬರುವ ಜನಕ್ಕೆ ಕೊನೆಯಿಲ್ಲ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ, ಆದರೆ 2011ರ ಜನಗಣತಿಯ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅದು ಸಾಲುವುದಿಲ್ಲ. ಬೃಹನ್ಮುಂಬಯಿಯ ಕುಟುಂಬಗಳಲ್ಲಿ ಶೇ. 41ರಷ್ಟು ಜೋಪಡಪಟ್ಟಿಗಳಲ್ಲಿ ವಾಸಿಸುತ್ತಿದ್ದ ಆ ವರ್ಷವೇ ಅದೇ ನಗರದಲ್ಲಿ ಸುಮಾರು 4.8 ಲಕ್ಷ ಮನೆಗಳು ಯಾರೂ ಇಲ್ಲದೆ ಬೀಗ ಹಾಕಿಕೊಂಡಿದ್ದವು. ದೇಶದ ನಗರಗಳಲ್ಲೆಲ್ಲ ಅತಿ ಹೆಚ್ಚು ಖಾಲಿ ಮನೆಗಳಿದ್ದುದು ಮುಂಬಯಿಯಲ್ಲೇ ಎಂದು ಕೇಂದ್ರದ 2017–18ರ ಆರ್ಥಿಕ ಸಮೀಕ್ಷೆಯೂ ಎತ್ತಿ ತೋರಿಸಿತು. ನೆಲದ ಅಭಾವವೊಂದೇ ಕಾರಣವಾಗಿದ್ದರೆ ಇಷ್ಟೊಂದು ಬೀಗಗಳು ಇರಬಾರದಿತ್ತು. ಮಾರಲೂ ಮನಸ್ಸಿಲ್ಲದೆ, ಬಾಡಿಗೆಗೆ ಕೊಡಲೂ ಧೈರ್ಯವಿಲ್ಲದೆ ಲಕ್ಷಾಂತರ ಮಾಲೀಕರು ಮನೆಯನ್ನು ಸುಮ್ಮನೆ ಇಟ್ಟುಕೊಂಡಿದ್ದಾರೆಂದರೆ ಅವರ ಮುಂದಿರುವ ಲೆಕ್ಕವೇ ಬೇರೆ ಇರಬೇಕು, ಆ ಲೆಕ್ಕವನ್ನು ಬರೆದುಕೊಟ್ಟವರು ಯಾರು ಎಂಬ ಹುಡುಕಾಟದಿಂದಲೇ ಅರ್ಥಶಾಸ್ತ್ರದ ಕೆಲಸ ಆರಂಭವಾಗುತ್ತದೆ.

ಅರ್ಥಶಾಸ್ತ್ರವೆಂದರೆ ಹಣದ ಶಾಸ್ತ್ರ, ಲಾಭನಷ್ಟದ ಶಾಸ್ತ್ರ ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ನಿತ್ಯಜೀವನವನ್ನು ಅರಿಯಲು ಅದು ಒದಗಿಸುವ ಮುಖ್ಯ ಸಾಧನಗಳು ಎರಡೇ ಪ್ರಶ್ನೆಗಳು. ಒಂದನ್ನು ಪಡೆಯಲು ಕೈಬಿಟ್ಟದ್ದು ಯಾವುದು ಎಂಬುದು ಮೊದಲನೆಯದು. ಹೀಗೆ ಕೈಬಿಟ್ಟದ್ದರ ಮೌಲ್ಯವನ್ನು ಅವಕಾಶ ವೆಚ್ಚ ಎನ್ನುತ್ತಾರೆ, ಅದು ಯಾವ ರಸೀದಿಯಲ್ಲೂ ನಮೂದಾಗುವುದಿಲ್ಲ. ನಿಯಮವೊಂದು ಬಂದಾಗ ಜನ ತಮ್ಮ ನಡೆಯನ್ನು ಹೇಗೆ ಬದಲಿಸಿಕೊಳ್ಳುತ್ತಾರೆ, ಆ ಬದಲಾವಣೆಯ ಭಾರ ಕೊನೆಗೆ ಯಾರ ತಲೆಯ ಮೇಲೆ ಇಳಿಯುತ್ತದೆ ಎಂಬುದು ಎರಡನೆಯದು. ಕಣ್ಣಿಗೆ ಬೀಳುವ ಪರಿಣಾಮದ ಜೊತೆಗೆ ಬೀಳದ ಪರಿಣಾಮವನ್ನೂ ಎಣಿಸಬೇಕು ಎಂದು ಫ್ರಾನ್ಸಿನ ಫ್ರೆಡರಿಕ್ ಬಾಸ್ತಿಯಾ 1850ರಲ್ಲೇ ವಾದಿಸಿದ್ದ. ಮುಂಬಯಿಯ ಮನೆ, ರೈಲು, ರಸ್ತೆ, ನೀರು ಈ ನಾಲ್ಕನ್ನೂ ಈ ಎರಡು ಪ್ರಶ್ನೆಗಳಿಂದ ಮುಟ್ಟಿ ನೋಡಬಹುದಾದರೂ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮನೆಯ ಬಳಿ, ಏಕೆಂದರೆ ಉಳಿದ ಮೂರರ ಕಥೆಯೂ ಅಲ್ಲಿಂದಲೇ ಹೊರಡುತ್ತದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮುಂಬಯಿಯಲ್ಲಿ ಬಾಡಿಗೆಗೆ ಮೊದಲ ಬಾರಿಗೆ ಕಾನೂನಿನ ಲಗಾಮು ಬಿತ್ತು. ಎರಡನೆಯ ಯುದ್ಧದ ಹೊತ್ತಿಗೆ ಗಿರಣಿಗಳಿಗೂ ಬಂದರಿಗೂ ಕೆಲಸ ಹುಡುಕಿ ಬಂದವರ ಸಂಖ್ಯೆ ಏರಿತು, ಸಿಮೆಂಟು ಉಕ್ಕುಗಳು ಯುದ್ಧದ ಪಾಲಾಗಿ ಹೊಸ ಕಟ್ಟಡಗಳ ನಿರ್ಮಾಣ ಕುಂಠಿತವಾಯಿತು, ಮಾಲೀಕರು ಕೇಳಿದಷ್ಟು ಬಾಡಿಗೆ ತೆರಲಾಗದವರು ಬೀದಿಗೆ ಬೀಳುವ ಸ್ಥಿತಿ ಉಂಟಾಯಿತು. ಆ ಹಿನ್ನೆಲೆಯಲ್ಲಿ ಬಂದ 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರ್ 1ರಂದು ಯಾವ ಖೋಲಿಗೆ ಎಷ್ಟು ಬಾಡಿಗೆ ಇತ್ತೋ ಅದನ್ನೇ ‘ಪ್ರಮಾಣಿತ ಬಾಡಿಗೆ’ ಎಂದು ನಿಲ್ಲಿಸಿತು. ಬಾಡಿಗೆದಾರನನ್ನು ಎಬ್ಬಿಸಲು ಮಾಲೀಕನಿಗಿದ್ದ ದಾರಿಗಳನ್ನು ಬಿಗಿಗೊಳಿಸಿತು. ಬಾಡಿಗೆಯ ಹೊರತಾಗಿ ಇಡಿಗಂಟಿನ ಹಣ ಪಡೆಯುವುದನ್ನು ಅಪರಾಧವಾಗಿಸಿತು. ಆ ಕಾಲದ ಗಿರಣಿ ಕಾರ್ಮಿಕನ ಜಾಗದಲ್ಲಿ ನಿಂತು ನೋಡಿದರೆ ಈ ಕಾಯಿದೆಯ ನ್ಯಾಯ ಸ್ಪಷ್ಟವಾಗಿಯೇ ಕಾಣುತ್ತದೆ, ಅದನ್ನು ಅಲ್ಲಗಳೆಯುವ ಯಾವ ವಿಶ್ಲೇಷಣೆಯೂ ಪ್ರಾಮಾಣಿಕವಾಗಲಾರದು. ತೊಡಕು ಹುಟ್ಟಿದ್ದು ತಾತ್ಕಾಲಿಕವೆಂದು ಬಂದ ಕಾಯಿದೆ ಮತ್ತೆ ಮತ್ತೆ ವಿಸ್ತರಣೆಗೊಂಡು ಅರ್ಧ ಶತಮಾನ ಬಾಳಿದ್ದರಿಂದ. ಅಷ್ಟು ವರ್ಷ ಇಟ್ಟಿಗೆ, ಸುಣ್ಣ, ಗಾರೆಯವನ ಕೂಲಿ, ಬಾಡಿಗೆದಾರನ ಸಂಬಳ ಎಲ್ಲವೂ ಏರುತ್ತ ಹೋದವು, ಬಾಡಿಗೆಯೊಂದು ಮಾತ್ರ 1940ರಲ್ಲೇ ನಿಂತಿತು.

ಬೆಲೆಯನ್ನು ಕಾನೂನು ಹಿಡಿದು ನಿಲ್ಲಿಸಬಲ್ಲದು, ಅಭಾವವನ್ನಲ್ಲ. ಒಂದು ಖೋಲಿಗೆ ಹತ್ತು ಜನ ಕಾಯುತ್ತಿರುವಾಗ ಅವರಲ್ಲಿ ಒಬ್ಬನನ್ನು ಆರಿಸಲು ಏನಾದರೊಂದು ಕ್ರಮ ಬೇಕಾಗುತ್ತದೆ. ಬಾಡಿಗೆಯ ಮೂಲಕ ಆರಿಸುವಂತಿಲ್ಲವೆಂದಾಗ ಆ ಆಯ್ಕೆ ಬೇರೆ ಬಾಗಿಲಿನಿಂದ ಒಳಬರುತ್ತದೆ. ಮುಂಬಯಿಯಲ್ಲಿ ಆ ಬಾಗಿಲಿಗೆ ಪಗಡಿ ಎಂಬ ಹೆಸರು ಬಂತು. ಖೋಲಿ ಬಿಡುವ ಬಾಡಿಗೆದಾರ ಹೊಸಬನಿಂದ ದೊಡ್ಡ ಮೊತ್ತವೊಂದನ್ನು ಪಡೆಯುವುದು, ಅದರಲ್ಲಿ ರೂಢಿಯ ಪ್ರಕಾರ ಸುಮಾರು ಮೂರನೇ ಒಂದು ಪಾಲನ್ನು ಮಾಲೀಕನಿಗೆ ಕೊಟ್ಟು ರಸೀದಿಯಲ್ಲಿ ಹೆಸರು ಬದಲಾಯಿಸಿಕೊಡುವುದು, ಆ ಬಳಿಕ ಹೊಸಬ ತಿಂಗಳಿಗೆ ಕೆಲವೇ ರೂಪಾಯಿಯ ಬಾಡಿಗೆ ಕಟ್ಟುತ್ತ ಇರುವುದು: ಇದು ಪಗಡಿಯ ಸರಳ ರೂಪ. ಕಾಯಿದೆಯ ಪ್ರಕಾರ ಅಪರಾಧವಾಗಿದ್ದರೂ ಇದು ದಶಕಗಳ ಕಾಲ ನಗರದಲ್ಲಿ ವ್ಯಾಪಕವಾಗಿ ನಡೆಯಿತು. ಬಾಡಿಗೆ ಅಗ್ಗವಾದದ್ದರಿಂದ ಮನೆ ಅಗ್ಗವಾಗಲಿಲ್ಲ. ತಿಂಗಳು ತಿಂಗಳು ತೆರಬೇಕಾದ ಬೆಲೆ ಒಮ್ಮೆಗೇ ತೆರಬೇಕಾದ ಬೆಲೆಯಾಯಿತು, ಲೆಕ್ಕಪತ್ರದಲ್ಲಿ ಇರಬೇಕಾದದ್ದು ನಗದಾಗಿ ಕೈಯಿಂದ ಕೈಗೆ ಹೋಯಿತು. ಸಂಬಳವಿದ್ದು ಇಡಿಗಂಟಿಲ್ಲದ ಬಡವನಿಗೆ ತಿಂಗಳ ಬಾಡಿಗೆಗಿಂತ ಪಗಡಿಯೇ ದಾಟಲಾರದ ಗೋಡೆ ಎಂಬುದನ್ನು ಅವನ ಹೆಸರಿನಲ್ಲೇ ಮಾಡಿದ ಕಾಯಿದೆ ಗಮನಿಸಲಿಲ್ಲ.

ಕಟ್ಟಡಗಳಿಗಾದ ಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಕ್ಷಿಣ ಮುಂಬಯಿಯ ಹಳೆಯ ಚಾಳೆಂದರೆ ಮರದ ತೊಲೆಗಳ ಮೇಲೆ ನಿಂತ ಮೂರ್ನಾಲ್ಕು ಅಂತಸ್ತು, ಪ್ರತಿ ಅಂತಸ್ತಿನಲ್ಲಿ ಉದ್ದಕ್ಕೆ ಓಡುವ ಮರದ ಕಟಕಟೆಯ ಮೊಗಸಾಲೆ, ಅದಕ್ಕೆ ತೆರೆದುಕೊಳ್ಳುವ ಒಂದೊಂದೇ ಖೋಲಿ, ಮೊಗಸಾಲೆಯ ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಶೌಚಾಲಯ. ನೀರು ಸದಾ ತೊಟ್ಟಿಕ್ಕುವ ಆ ತುದಿಯ ತೊಲೆ ಮೊದಲು ಮೆತ್ತಗಾಗುತ್ತದೆ, ಮಳೆಗಾಲಕ್ಕೊಮ್ಮೆ ಗಾರೆ ಉದುರುತ್ತದೆ, ಮಹಡಿಯ ಭಾರಕ್ಕೆ ಬಾಗಿದಲ್ಲಿ ಊರುಗಂಬ ನಿಲ್ಲಿಸಲಾಗುತ್ತದೆ. ಇಂಥ ಕಟ್ಟಡದಲ್ಲಿ 2000ದಲ್ಲಿ 50 ರೂಪಾಯಿ ಬಾಡಿಗೆ ಇದ್ದ ಖೋಲಿಗೆ, ಆ ವರ್ಷ ಬಂದ ಹೊಸ ಕಾಯಿದೆ ಅನುಮತಿಸಿದಂತೆ ವರ್ಷಕ್ಕೆ ಶೇ. 4ರಷ್ಟನ್ನು ಬಿಡದೆ ಏರಿಸುತ್ತ ಬಂದರೂ 2025ರಲ್ಲಿ ಆಗುವ ಬಾಡಿಗೆ ಸುಮಾರು 133 ರೂಪಾಯಿ. ಅಂಥ ನಲವತ್ತು ಖೋಲಿಗಳಿಂದ ತಿಂಗಳಿಗೆ ಬರುವ 5,300 ರೂಪಾಯಿಯಲ್ಲಿ ತೊಲೆ ಬದಲಾಯಿಸುವುದು ಹಾಗಿರಲಿ, ಮೆಟ್ಟಿಲಿನ ದೀಪ ಉರಿಸಿ ಗುಡಿಸುವವರಿಗೆ ಸಂಬಳ ಕೊಡುವುದೇ ಕಷ್ಟ. ಮಾಲೀಕನ ದೃಷ್ಟಿಯಲ್ಲಿ ಕಟ್ಟಡ ನಿಂತಿರುವುದಕ್ಕಿಂತ ಬಿದ್ದರೇ ಲಾಭ, ಏಕೆಂದರೆ ಬೆಲೆ ಇರುವುದು ಅದರ ಕೆಳಗಿನ ನೆಲಕ್ಕೆ. ಬಾಡಿಗೆದಾರನ ದೃಷ್ಟಿಯಲ್ಲಿ ತನ್ನದಲ್ಲದ ಗೋಡೆಗೆ ತಾನು ಹಣ ಹಾಕುವುದು ವ್ಯರ್ಥ. ಇಬ್ಬರೂ ದುಷ್ಟರಲ್ಲ. ಆದರೆ ಇಬ್ಬರ ಲೆಕ್ಕವೂ ಒಂದೇ ಕಡೆಗೆ, ತೊಲೆಯನ್ನು ಹಾಗೆಯೇ ಬಿಡುವ ಕಡೆಗೆ, ವಾಲುತ್ತದೆ.

ಕಟ್ಟಡಗಳು ಕುಸಿಯತೊಡಗಿದಾಗ ಸರಕಾರ 1969ರಲ್ಲಿ ದುರಸ್ತಿ ಮಂಡಳಿಯ ಕಾಯಿದೆ ತಂದು, ನಗರದ ದಕ್ಷಿಣ ಭಾಗವಾದ ದ್ವೀಪನಗರದ 19 ಸಾವಿರಕ್ಕೂ ಹೆಚ್ಚು ಕಟ್ಟಡಗಳ ಮೇಲೆ ಸೆಸ್ ಎಂಬ ವಿಶೇಷ ತೆರಿಗೆ ಹಾಕಿ, ಅದರಿಂದ ರಿಪೇರಿಯ ಹೊಣೆಯನ್ನು ತಾನೇ ಹೊತ್ತುಕೊಂಡಿತು. ಇಂದು ಆ ಕೆಲಸ ಮ್ಹಾಡಾ ಎಂಬ ವಸತಿ ಪ್ರಾಧಿಕಾರದ ಕೈಯಲ್ಲಿದೆ. ಮಾಲೀಕನಿಂದ ಕಿತ್ತುಕೊಂಡ ಬಾಡಿಗೆಯನ್ನು ತೆರಿಗೆಯ ರೂಪದಲ್ಲಿ ಸ್ವಲ್ಪ ಮಟ್ಟಿಗೆ ಮರಳಿ ಕೂಡಿಸುವ ಈ ಸುತ್ತುದಾರಿಯಲ್ಲಿ ದುರಸ್ತಿಯ ಅಗತ್ಯಕ್ಕೂ ಹಣಕ್ಕೂ ಎಂದೂ ಹೊಂದಿಕೆಯಾಗಲಿಲ್ಲ. 2017ರ ಆಗಸ್ಟ್ 31ರಂದು ಭೇಂಡಿಬಜಾರಿನ ಹುಸೈನಿ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. 2019ರ ಜುಲೈ 16ರಂದು ಡೋಂಗ್ರಿಯಲ್ಲಿ ಮತ್ತೊಂದು ಕಟ್ಟಡ ಬಿತ್ತು. ಪ್ರತಿ ಮಳೆಗಾಲಕ್ಕೆ ಮುನ್ನ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟವಾಗುತ್ತದೆ, ಆ ಪಟ್ಟಿಯಲ್ಲಿರುವ ಮನೆಗಳಿಂದ ಜನ ಹೊರಡುವುದಿಲ್ಲ. ಟ್ರಾನ್ಸಿಟ್ ಕ್ಯಾಂಪೆಂಬ ತಾತ್ಕಾಲಿಕ ವಸತಿಗೆ ಹೋದವರು ದಶಕಗಳಾದರೂ ಹಿಂದಿರುಗದ ಉದಾಹರಣೆಗಳು ಕಣ್ಣೆದುರೇ ಇರುವಾಗ ಬಿರುಕು ಬಿಟ್ಟ ಗೋಡೆಯೊಳಗೆ ಉಳಿಯುವುದು ಅವರ ಪಾಲಿಗೆ ಅಜ್ಞಾನದ ನಡೆಯಲ್ಲ, ಎರಡು ಅಪಾಯಗಳನ್ನು ತೂಗಿ ಮಾಡಿಕೊಂಡ ಆಯ್ಕೆ. ಅಗ್ಗದ ಬಾಡಿಗೆಯ ಬಾಕಿಯನ್ನು ಅವರು ಜೀವಭಯದಲ್ಲಿ ಕಟ್ಟುತ್ತಿದ್ದಾರೆ.

ಈ ಕಾಯಿದೆಯ ನೆರಳು ಹಳೆಯ ಚಾಳುಗಳಾಚೆಗೂ ಚಾಚಿತು. ಬಾಡಿಗೆಗೆ ಕೊಟ್ಟರೆ ಮನೆ ಕೈಬಿಟ್ಟಂತೆಯೇ ಎಂದು ಹೆದರಿದ ಮಾಲೀಕರು ‘ಲೀವ್ ಅಂಡ್ ಲೈಸೆನ್ಸ್’ ಎಂಬ ದಾರಿ ಹಿಡಿದರು. ಅದರ ಪ್ರಕಾರ ಮನೆಯಲ್ಲಿರುವವನು ಬಾಡಿಗೆದಾರನಲ್ಲ, ಅನುಮತಿಯ ಮೇಲೆ ತಂಗಿರುವವನು ಮಾತ್ರ. ಆದರೆ 1973ರ ತಿದ್ದುಪಡಿಯು ಆ ವರ್ಷದ ಫೆಬ್ರುವರಿ 1ರಂದು ಹೀಗೆ ತಂಗಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸಿತು. ಅಂದು ಒಳಗಿದ್ದವರಿಗೆ ಅದು ದೊಡ್ಡ ರಕ್ಷಣೆಯಾಯಿತು. ಆದರೆ ಮನೆ ಇದ್ದವರೆಲ್ಲರೂ ಅದರಿಂದ ಕಲಿತ ಪಾಠವೆಂದರೆ ಇನ್ನೊಮ್ಮೆ ಹೀಗಾಗದಂತೆ ಬೀಗ ಹಾಕಿಡುವುದೇ ಕ್ಷೇಮ ಎಂಬುದು. ಇಂದಿಗೂ ನಗರದ ಬಾಡಿಗೆ ಕರಾರುಗಳು ಬಹುಮಟ್ಟಿಗೆ ಹನ್ನೊಂದು ತಿಂಗಳ ಗುಂಗಿನಲ್ಲೇ ಇರುವುದು, ಮಕ್ಕಳ ಶಾಲೆ ಬದಲಾಗುವುದನ್ನೂ ಲೆಕ್ಕಿಸದೆ ಕುಟುಂಬಗಳು ಪದೇ ಪದೇ ಮನೆ ಬದಲಿಸುವುದು, ‘ಹೆವಿ ಡಿಪಾಸಿಟ್’ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಹಣವನ್ನು ಮಾಲೀಕನ ಕೈಗಿಟ್ಟು ಅದರ ಬಡ್ಡಿಯನ್ನೇ ಬಾಡಿಗೆ ಎಂದುಕೊಳ್ಳುವುದು, ಇವೆಲ್ಲ ಆ ಭಯದ ಮರಿಗಳು. ಮುಂಬಯಿಯ ಮಾಲೀಕರು ಸ್ವಭಾವತಃ ಅನುಮಾನದವರು ಎಂಬ ಮಾತಿನಲ್ಲಿ ಸತ್ಯಕ್ಕಿಂತ ಸೋಮಾರಿತನ ಹೆಚ್ಚಿದೆ. ಒಂದು ನಗರದ ಜನರ ಸ್ವಭಾವವೆಂದು ತೋರುವುದರಲ್ಲಿ ಬಹುಪಾಲು ಹಳೆಯ ಕಾಯಿದೆಗಳು ಬಿಟ್ಟುಹೋದ ಅಭ್ಯಾಸವೇ ಆಗಿರುತ್ತದೆ.

ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರ್ 19ರಂದು, ಕರಾವಳಿಯ ಓದುಗರಿಗೆ ಆಪ್ತವೆನಿಸುವ ಹೆಸರಿನ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, ಬಾಡಿಗೆಯನ್ನು 1940ರ ಮಟ್ಟದಲ್ಲಿ ಹಿಡಿದಿಟ್ಟ ಕಲಮುಗಳು ಕಾಲಕ್ರಮದಲ್ಲಿ ಅಸಮಂಜಸವಾಗಿವೆ ಎಂದು ಹೇಳಿತು. ಕಾಯಿದೆಯ ಅವಧಿ ಕೆಲವೇ ತಿಂಗಳಲ್ಲಿ ಮುಗಿಯಲಿದ್ದ ಕಾರಣ ಅದನ್ನು ರದ್ದುಗೊಳಿಸದೆ, ಹೊಸ ಕಾಯಿದೆ ನ್ಯಾಯಯುತವಾಗಿರಲಿ ಎಂಬ ನಿರೀಕ್ಷೆಯೊಡನೆ ಬಿಟ್ಟಿತು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಬ್ಯಾಂಕುಗಳನ್ನೂ ದೊಡ್ಡ ಕಂಪನಿಗಳನ್ನೂ ರಕ್ಷಣೆಯಿಂದ ಹೊರಗಿಟ್ಟಿತು, ಪಗಡಿಯನ್ನು ಕಾನೂನುಬದ್ಧಗೊಳಿಸಿತು, ಹಳೆಯ ಬಾಡಿಗೆಗಳಿಗೆ ವರ್ಷಕ್ಕೆ ಶೇ. 4ರ ಏರಿಕೆಯನ್ನಷ್ಟೇ ಕೊಟ್ಟಿತು. ಅಂದರೆ ಅರ್ಧ ಶತಮಾನ ಅಪರಾಧವಾಗಿದ್ದದ್ದು ಹಕ್ಕಾಯಿತು, ಮೂಲ ರೋಗ ಹಾಗೆಯೇ ಉಳಿಯಿತು. ಇದೇ ಸೆಸ್ ಕಟ್ಟಡಗಳನ್ನು ಸರಕಾರ ವಶಪಡಿಸಿಕೊಂಡು ನಿವಾಸಿಗಳ ಸಂಘಕ್ಕೆ ಕೊಡಬಹುದೇ ಎಂಬ ವ್ಯಾಜ್ಯದಿಂದ ಹುಟ್ಟಿದ ಪ್ರಶ್ನೆಯೊಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಏರಿ, ಎಲ್ಲ ಖಾಸಗಿ ಆಸ್ತಿಯನ್ನೂ ಸಮುದಾಯದ ಸಂಪನ್ಮೂಲವೆಂದು ಪರಿಗಣಿಸಲಾಗದು ಎಂಬ ತೀರ್ಪು ಬಂದದ್ದು 2024ರ ನವೆಂಬರ್ 5ರಂದು. 1940ರ ಒಂದು ದಿನದ ಬಾಡಿಗೆ ಸಂವಿಧಾನದ 39ನೆಯ ವಿಧಿಯ ಅರ್ಥವಿವರಣೆಯವರೆಗೆ ಬೆಳೆದು ನಿಂತಿತು.

ಮುಂಬಯಿಯ ಕನ್ನಡಿಗರು ಮತ್ತು ತುಳುವರು ಈ ಲೆಕ್ಕದ ಎರಡೂ ಬದಿಗಳಲ್ಲಿ ಇದ್ದರು, ಇದ್ದಾರೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1933ರಲ್ಲಿ ಮುಂಬಯಿ ಕರ್ನಾಟಕ ಸಂಘ ಹುಟ್ಟಿದ ನಗರದಲ್ಲಿ ಊರಿನಿಂದ ಬಂದವರಿಗೆ ಮೊದಲು ನೆಲೆ ಕೊಟ್ಟದ್ದು ಹೊಟೇಲುಗಳು. ಫೋರ್ಟಿನಲ್ಲಿಯೂ ಮಾಟುಂಗದಲ್ಲಿಯೂ ಗಿರಗಾಂವಿನಲ್ಲಿಯೂ ಬೇರೂರಿದ ಉಡುಪಿ ಹೊಟೇಲುಗಳ ತಿಂಡಿ ಅಗ್ಗವಾಗಿರುವುದಕ್ಕೆ ಮಾಲೀಕರ ದುಡಿಮೆ ಮತ್ತು ಮಿತವ್ಯಯವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ದುಡಿಮೆ ನಿಜ. ಆದರೆ ಹಳೆಯ ಪಗಡಿಯ ಜಾಗದಲ್ಲಿ ನಡೆಯುವ ಹೊಟೇಲಿನ ಇಡ್ಲಿಯ ಬೆಲೆಯಲ್ಲಿ ನೆಲದ ನಿಜವಾದ ಬಾಡಿಗೆ ಸೇರಿಲ್ಲ ಎಂಬುದೂ ಅಷ್ಟೇ ನಿಜ, ಮತ್ತು ಪಕ್ಕದ ಹೊಸ ಕಟ್ಟಡದಲ್ಲಿ ಮಾರುಕಟ್ಟೆ ಬಾಡಿಗೆ ಕೊಟ್ಟು ಹೊಟೇಲು ತೆರೆದವನಿಗೆ ಅದೇ ಬೆಲೆಗೆ ಇಡ್ಲಿ ಕೊಡಲು ಆಗದಿರುವುದು ಅವನ ದುರಾಸೆಯಿಂದಲ್ಲ. ಇದೇ ಹೊಟೇಲುಗಳ ಮಾಣಿಗಳ ವಿಷಯದಲ್ಲಿ ಇನ್ನೊಂದು ಲೆಕ್ಕವಿತ್ತು. ಸಂಬಳ ಕಡಿಮೆ, ಆದರೆ ಊಟ ಅಲ್ಲೇ, ಮಲಗುವುದೂ ಅಲ್ಲೇ. ಷಟರ್ ಎಳೆದ ಮೇಲೆ ಮೇಜುಗಳನ್ನು ಒತ್ತೊತ್ತಾಗಿ ಸೇರಿಸಿದರೆ ಅದೇ ಹಾಸಿಗೆ, ಅಟ್ಟದ ಮೇಲಿನ ಟ್ರಂಕೇ ಮನೆ. ಇದನ್ನು ಬರಿಯ ಶೋಷಣೆ ಎನ್ನುವವರೂ ಇದ್ದಾರೆ, ಬರಿಯ ಊರಪ್ರೀತಿ ಎನ್ನುವವರೂ ಇದ್ದಾರೆ. ಪಗಡಿಯ ಗಂಟಿಲ್ಲದ ಹದಿನಾಲ್ಕರ ಹುಡುಗನಿಗೆ ನಗರದಲ್ಲಿ ಬೇರೆ ಸೂರೇ ಸಿಗದಿದ್ದ ಕಾಲದಲ್ಲಿ ಧಣಿ ಕೊಡುತ್ತಿದ್ದ ಆ ಮೇಜಿನ ಮೇಲಿನ ಜಾಗವೇ ಅವನ ಸಂಬಳದ ದೊಡ್ಡ ಭಾಗವಾಗಿತ್ತು, ಮತ್ತು ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ ಎಂಬ ಕಾರಣಕ್ಕೆ ಅದೇ ಅವನ ಸಂಕೋಲೆಯೂ ಆಗಿತ್ತು ಎಂಬುದು ಎರಡೂ ಮಾತುಗಳಿಗಿಂತ ಸತ್ಯಕ್ಕೆ ಹತ್ತಿರ. ಆ ಸಂಕೋಲೆಯನ್ನು ಬಿಡಿಸಿದ್ದರಲ್ಲಿ ಕನ್ನಡ ರಾತ್ರಿಶಾಲೆಗಳ ಪಾತ್ರ ಎಷ್ಟು ಹೇಳಿದರೂ ಕಡಿಮೆಯೇ: ಹಗಲಿನ ಶಾಲೆಗೆ ಹೋಗಲು ಹುಡುಗ ಕೈಬಿಡಬೇಕಾಗಿದ್ದ ಸಂಬಳವೂ ಸೂರೂ ಊಟವೂ ಎಷ್ಟು ದೊಡ್ಡ ಬೆಲೆ ಎಂಬುದನ್ನು ಅರಿತು, ಶುಲ್ಕ ಇಳಿಸುವ ಬದಲು ಗಂಟೆಯನ್ನೇ ಬದಲಿಸಿದ ಸಂಸ್ಥೆಗಳು ಅವು.

ಬಾಡಿಗೆ ನಿಯಂತ್ರಣವನ್ನು ಒಂದೇ ಏಟಿಗೆ ಕಿತ್ತುಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರದ ಹೆಸರಿನಲ್ಲಿ ಮಂಡಿಸುವವರಿದ್ದಾರೆ. ಮಿಲ್ಟನ್ ಫ್ರೀಡ್‌ಮನ್ ಮತ್ತು ಜಾರ್ಜ್ ಸ್ಟಿಗ್ಲರ್ 1946ರಲ್ಲಿ ಅಮೆರಿಕದ ನಗರಗಳ ಬಗ್ಗೆ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಮುಂಬಯಿಯ ಮಟ್ಟಿಗೆ ಈ ವಾದ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಪಗಡಿಯನ್ನು ತನ್ನ ಜೀವಮಾನದ ಉಳಿತಾಯದಿಂದ ಕೊಟ್ಟವನು ಒಂದರ್ಥದಲ್ಲಿ ಆ ಖೋಲಿಯನ್ನು ಆಗಲೇ ಕೊಂಡಿದ್ದಾನೆ, ಅವನನ್ನು ಮಾರುಕಟ್ಟೆ ಬಾಡಿಗೆಗೆ ಒಡ್ಡುವುದೆಂದರೆ ಎರಡು ಸಲ ಬೆಲೆ ವಸೂಲು ಮಾಡಿದಂತೆ. ಅದಲ್ಲದೆ ಹೊಸ ಮನೆ ಕಟ್ಟುವುದಕ್ಕಿರುವ ತಡೆಗಳು ಬಾಡಿಗೆ ಕಾಯಿದೆಯೊಂದರಲ್ಲಿಲ್ಲ. 1976ರ ನಗರ ಭೂಮಿತಿ ಕಾಯಿದೆ ಬಡವರಿಗೆ ನೆಲ ಸಿಗಲೆಂದು ಬಂದು, ನೆಲವನ್ನು ವ್ಯಾಜ್ಯಗಳಲ್ಲಿ ಹೂತಿಟ್ಟು, 2007ರ ಅಂತ್ಯದಲ್ಲಿ ಮಹಾರಾಷ್ಟ್ರದಲ್ಲಿ ಕೊನೆಗೊಂಡಿತು. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿಯನ್ನು ಎಫ್‌ಎಸ್‌ಐ ಎನ್ನುತ್ತಾರೆ. 1991ರ ನಿಯಮಗಳು ಇದನ್ನು ದ್ವೀಪನಗರದಲ್ಲಿ 1.33ಕ್ಕೂ ಉಪನಗರಗಳಲ್ಲಿ 1ಕ್ಕೂ ಮಿತಿಗೊಳಿಸಿದ್ದವು. ಜಗತ್ತಿನ ಅತಿ ಕಿಕ್ಕಿರಿದ ನಗರಗಳಲ್ಲೊಂದು ಮೇಲಕ್ಕೆ ಬೆಳೆಯಲು ಇಷ್ಟು ಕಡಿಮೆ ಅವಕಾಶ ಕೊಟ್ಟದ್ದು ದಟ್ಟಣೆ ತಗ್ಗಿಸುವ ಸದುದ್ದೇಶದಿಂದ. ದಟ್ಟಣೆ ತಗ್ಗಲಿಲ್ಲ, ಒಬ್ಬೊಬ್ಬರಿಗೆ ಸಿಗುವ ಚದರಡಿ ತಗ್ಗಿತು, ಜನ ಇನ್ನೂ ದೂರಕ್ಕೆ, ಡೊಂಬಿವಲಿಗೆ, ಭಾಯಂದರಿಗೆ, ವಿರಾರಿಗೆ ಸರಿದರು.

ಹಾಗೆ ಸರಿದವರು ಉಳಿದ ಬೆಲೆಯನ್ನು ಲೋಕಲ್ ರೈಲಿನಲ್ಲಿ ಕಟ್ಟುತ್ತಾರೆ. ಎರಡನೆಯ ದರ್ಜೆಯ ಕನಿಷ್ಠ ಟಿಕೆಟು 5 ರೂಪಾಯಿ, ತಿಂಗಳ ಪಾಸಿನಲ್ಲಿ ಒಂದು ಪ್ರಯಾಣ ಅದಕ್ಕಿಂತಲೂ ಅಗ್ಗ ಬೀಳುತ್ತದೆ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೂರ ಹೋಗಬಹುದು ಎಂಬ ಹೆಮ್ಮೆ ಸಕಾರಣವಾದದ್ದೇ. ಆದರೆ ಬೆಳಗಿನ ಎಂಟೂವರೆಗೆ ಬೋರಿವಲಿಯಿಂದ ಚರ್ಚ್‌ಗೇಟಿಗೆ ಹೊರಡುವ ಫಾಸ್ಟಿನಲ್ಲಿರುವ ಒಂದು ಕಾಲಿಡುವಷ್ಟು ಜಾಗ ಮಧ್ಯಾಹ್ನ ಎರಡಕ್ಕೆ ಹೊರಡುವ ಸ್ಲೋದಲ್ಲಿರುವ ಖಾಲಿ ಸೀಟಿನಷ್ಟೇ ಬೆಲೆಯದ್ದಲ್ಲ. ಎರಡಕ್ಕೂ ಒಂದೇ ದರವಿರುವಾಗ ಮೊದಲನೆಯದರ ಅಭಾವವನ್ನು ಮೈಯ ಬಲ ಹಂಚುತ್ತದೆ. ಚದರ ಮೀಟರಿಗೆ 14ರಿಂದ 16 ಜನ ನಿಲ್ಲುವ ಸ್ಥಿತಿಗೆ ರೈಲ್ವೆಯ ಪರಿಭಾಷೆಯಲ್ಲೇ ಒಂದು ಹೆಸರಿದೆ. ವಯಸ್ಸಾದವರು, ಗರ್ಭಿಣಿಯರು, ಮಗುವನ್ನೆತ್ತಿಕೊಂಡವರು ಆ ಹೊತ್ತಿನ ರೈಲನ್ನು ಬಿಟ್ಟುಬಿಡುತ್ತಾರೆ, ಅಂದರೆ ಆ ಹೊತ್ತಿನ ಕೆಲಸಗಳನ್ನೂ ಬಿಟ್ಟುಬಿಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಉಪನಗರ ರೈಲುಹಾದಿಗಳಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎರಡು ರೈಲುಗಳ ಬಾಗಿಲಲ್ಲಿ ಜೋತಿದ್ದವರು ಪರಸ್ಪರ ತಗುಲಿ ಕೆಳಗೆ ಬಿದ್ದರು.

ಇದರಿಂದ ರೈಲಿನ ದರ ಏರಿಸಬೇಕೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ರೈಲಿನಲ್ಲಿ ಹೋಗುವ ಪ್ರತಿಯೊಬ್ಬನೂ ರಸ್ತೆಯಲ್ಲಿ ಜಾಗ ಬಿಟ್ಟುಕೊಡುತ್ತಾನೆ, ನಗರದ ಗಾಳಿಯನ್ನು ಕೆಡಿಸುವುದಿಲ್ಲ. ಅವನು ಇತರರಿಗೆ ಮಾಡುವ ಈ ಉಪಕಾರಕ್ಕೆ ಅಗ್ಗದ ದರವೇ ಸಲ್ಲಬೇಕಾದ ಪ್ರತಿಫಲ. ಹವಾನಿಯಂತ್ರಿತ ಲೋಕಲ್‌ಗಳ ಅನುಭವ ಇಲ್ಲಿ ಪಾಠದಂತಿದೆ. 2017ರ ಕ್ರಿಸ್‌ಮಸ್ ದಿನ ಆರಂಭವಾದ ಅವು ದುಬಾರಿಯಾಗಿದ್ದಷ್ಟು ಕಾಲ ಖಾಲಿ ಓಡಿದವು. 2022ರ ಮೇಯಲ್ಲಿ ಮೊದಲ 5 ಕಿಲೋಮೀಟರಿನ ದರ 65 ರೂಪಾಯಿಯಿಂದ 30ಕ್ಕೆ ಇಳಿದ ಕೂಡಲೇ ತುಂಬಿದವು. ಮುಂಬಯಿಯ ಪ್ರಯಾಣಿಕ ನೆಮ್ಮದಿಗೆ ಹಣ ಕೊಡಲಾರ ಎಂಬ ಹಳೆಯ ಗ್ರಹಿಕೆ ಸುಳ್ಳಾಯಿತು, ಅವನು ಎಷ್ಟಕ್ಕೆ ಕೊಡುತ್ತಾನೆ ಎಂಬುದೇ ಪ್ರಶ್ನೆಯಾಗಿತ್ತು. ದರವನ್ನು ಮುಟ್ಟದೆ ಕಚೇರಿಗಳು ತಮ್ಮ ವೇಳೆಯನ್ನು ಹಿಂದುಮುಂದು ಮಾಡಿಕೊಂಡರೂ ಅದೇ ಹಳಿಯಲ್ಲಿ ಇನ್ನಷ್ಟು ಜನ ಕುಳಿತು ಹೋಗಬಹುದು. ಆದರೆ ಎಲ್ಲರನ್ನೂ ಒಂಬತ್ತೂವರೆಗೆ ಕರೆಸಿಕೊಳ್ಳುವ ಕಚೇರಿಗೆ ಆ ನೂಕುನುಗ್ಗಲಿನ ವೆಚ್ಚದಲ್ಲಿ ಒಂದು ಪೈಸೆಯೂ ತಗಲುವುದಿಲ್ಲವಾದ್ದರಿಂದ ಅದು ತಾನಾಗಿ ಬದಲಾಗಲು ಕಾರಣವೂ ಇಲ್ಲ.

ರೈಲಿನಿಂದ ರಸ್ತೆಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಮರೀನ್ ಡ್ರೈವಿನಿಂದ ವರಳಿಯವರೆಗಿನ 10.58 ಕಿಲೋಮೀಟರಿನ ಕರಾವಳಿ ರಸ್ತೆಗೆ ಮಹಾನಗರ ಪಾಲಿಕೆ ಸುಮಾರು 14,000 ಕೋಟಿ ರೂಪಾಯಿ ಹಾಕಿದೆ, 2024ರ ಮಾರ್ಚಿನಿಂದ ಹಂತಹಂತವಾಗಿ ತೆರೆದಿದೆ, ಸುಂಕ ಇರಿಸಿಲ್ಲ. ಬಸ್ಸುಗಳಿಗೂ ಅದರಲ್ಲಿ ಎಡೆಯಿದ್ದರೂ ಅದರ ಮುಖ್ಯ ಫಲಾನುಭವಿಗಳು ಸ್ವಂತ ಕಾರುಳ್ಳವರು. 2024ರ ಅಕ್ಟೋಬರಿನಲ್ಲಿ ನಗರದ ಐದೂ ಪ್ರವೇಶದ್ವಾರಗಳಲ್ಲಿ ಕಾರುಗಳ ಟೋಲನ್ನು ತೆಗೆದುಹಾಕಲಾಯಿತು. ಏಳು ತಿಂಗಳ ಅನಂತರ, 2025ರ ಮೇ 9ರಂದು, ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ ಏರಿತು. ಕಾರಿನವನಿಗೆ ರಸ್ತೆ ಪುಕ್ಕಟೆಯಾದದ್ದು ಜನಪರ ಕ್ರಮವೆಂದೂ ಬಸ್ಸಿನವನ ದರ ಇಮ್ಮಡಿಯಾದದ್ದು ಅನಿವಾರ್ಯ ಕ್ರಮವೆಂದೂ ಒಂದೇ ನಗರ ಒಪ್ಪಿಕೊಂಡದ್ದು ಅತ್ಯಂತ ಬೇಸರದ ಸಂಗತಿ. ರಸ್ತೆಗೆ ಬೆಲೆಯಿಲ್ಲದಿದ್ದರೆ ಅದು ತುಂಬುವವರೆಗೂ ಕಾರುಗಳು ಬರುತ್ತಲೇ ಇರುತ್ತವೆ ಎಂದು ಅಮೆರಿಕದ ಆಂಥನಿ ಡೌನ್ಸ್ 1962ರಲ್ಲಿ ತೋರಿಸಿದ್ದರು. ಸಿಂಗಪುರ 1975ರಿಂದಲೂ, ಲಂಡನ್ 2003ರಿಂದಲೂ, ನ್ಯೂಯಾರ್ಕ್ 2025ರ ಜನವರಿಯಿಂದಲೂ ನಗರಕೇಂದ್ರಕ್ಕೆ ಬರುವ ಕಾರಿಗೆ ದಟ್ಟಣೆ ಶುಲ್ಕ ಹಾಕುತ್ತಿರುವುದು ಈ ತಿಳಿವಳಿಕೆಯ ಬಲದ ಮೇಲೆಯೇ.

ನೀರಿನ ಬಗ್ಗೆ ಇಷ್ಟು ಹೇಳಿದರೆ ಸಾಕು: ಭಾತ್ಸಾ, ತಾನಸಾ, ವೈತರಣಾ ಮೊದಲಾದ ಏಳು ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಕಟ್ಟಡಗಳಿಗೆ ಸಾವಿರ ಲೀಟರಿಗೆ ಕೆಲವೇ ರೂಪಾಯಿಗೆ ಸಿಗುವಾಗ, ಅಧಿಕೃತ ನಲ್ಲಿಯಿಲ್ಲದ ಜೋಪಡಿಯವರು ಡ್ರಮ್ಮಿಗೂ ಕ್ಯಾನಿಗೂ ಹಣ ಕೊಟ್ಟು ಅದರ ಹಲವು ಪಟ್ಟು ತೆರುತ್ತಾರೆ. ಬಡವರು ನೀರಿಗೆ ಹಣ ಕೊಡಲಾರರು ಎಂಬ ಮಾತು ಅವರಿಗೆ ನಲ್ಲಿ ಕೊಡದಿರಲು ನೆಪವಾಗಿತ್ತು. 2014ರ ಡಿಸೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಜೋಪಡಿ ಅಕ್ರಮವಾದರೂ ನೀರಿನ ಹಕ್ಕು ಇಲ್ಲವಾಗದು ಎಂದು ಹೇಳಬೇಕಾಯಿತು.

ಮತ್ತೆ ಮನೆಯ ಲೆಕ್ಕಕ್ಕೇ ಮರಳಿದರೆ, ‘ಪುಕ್ಕಟೆ ಮನೆ’ ಎಂಬುದು ಈ ನಗರದ ಅತಿ ಜನಪ್ರಿಯ ನಂಬಿಕೆ. 1995ರಲ್ಲಿ 40 ಲಕ್ಷ ಜೋಪಡಿ ನಿವಾಸಿಗಳಿಗೆ ಉಚಿತ ಮನೆಯ ಭರವಸೆಯೊಂದಿಗೆ ಆರಂಭವಾದ ಪುನರ್ವಸತಿ ಯೋಜನೆಯಲ್ಲಿ ಸರಕಾರ ತನ್ನ ಬೊಕ್ಕಸದಿಂದ ಹಣ ಹಾಕುವುದಿಲ್ಲ. ನಿವಾಸಿಗಳಿಗೆ ಮನೆ ಕಟ್ಟಿಕೊಟ್ಟ ಬಿಲ್ಡರನಿಗೆ ಅದಕ್ಕೆ ಪ್ರತಿಯಾಗಿ ಹೆಚ್ಚುವರಿ ಎಫ್‌ಎಸ್‌ಐ ಕೊಡಲಾಗುತ್ತದೆ, ಅದರಿಂದ ಕಟ್ಟಿದ ಮನೆಗಳನ್ನು ಅವನು ಮಾರುಕಟ್ಟೆಯಲ್ಲಿ ಮಾರಿಕೊಳ್ಳುತ್ತಾನೆ. ಮೊದಲು 225, ಆಮೇಲೆ 269, ಈಗ 300 ಚದರಡಿಯ ಆ ಮನೆಯ ಬೆಲೆಯನ್ನು ತೆರುವವರು ಹಾಗಾದರೆ ಪಕ್ಕದ ಗೋಪುರದಲ್ಲಿ ಇಪ್ಪತ್ತು ವರ್ಷಗಳ ಸಾಲ ಮಾಡಿ ಮನೆ ಕೊಂಡ ಮಧ್ಯಮವರ್ಗದವರು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ, ಮತ್ತು ಅದೇ ಹೆಚ್ಚು ಚಿಂತೆಗೆ ಹಚ್ಚುವಂಥದು: ಹೆಚ್ಚುವರಿ ಎಫ್‌ಎಸ್‌ಐಗೆ ಬೆಲೆ ಬರುವುದು ಸಾಮಾನ್ಯ ಎಫ್‌ಎಸ್‌ಐ ಕಡಿಮೆ ಇರುವುದರಿಂದ. ನಗರದಲ್ಲಿ ಮನೆಗಳು ನಿಜವಾಗಿಯೂ ಅಗ್ಗವಾದರೆ ಈ ಯೋಜನೆಯ ಆಧಾರವೇ ಕುಸಿಯುತ್ತದೆ. ಬಡವರಿಗೆ ಮನೆ ಕೊಡುವ ವ್ಯವಸ್ಥೆಯು ಮನೆಗಳು ದುಬಾರಿಯಾಗಿ ಉಳಿಯುವುದನ್ನೇ ನೆಚ್ಚಿಕೊಂಡಿದೆ. ನೆಲದ ಬೆಲೆ ಏರಿರುವ ಕಡೆಗೆ ಬಿಲ್ಡರುಗಳು ಧಾವಿಸುವುದು, ಇಳಿದಿರುವ ಕಡೆ ಯೋಜನೆಗಳು ಕಾಗದದಲ್ಲೇ ಉಳಿಯುವುದು ಅದರ ಸಹಜ ಫಲ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ 160 ಚದರಡಿಯ ಖೋಲಿಗಳಲ್ಲಿದ್ದವರಿಗೆ 500 ಚದರಡಿಯ ಮನೆಗಳ ಬೀಗದ ಕೈಯನ್ನು ವರಳಿಯಲ್ಲಿ ಕೊಡಲಾರಂಭಿಸಿದ್ದು 2025ರ ಆಗಸ್ಟಿನಲ್ಲಿ. ಮೊದಲ ಸುತ್ತಿನಲ್ಲಿ ಪಡೆದವು 556 ಕುಟುಂಬಗಳು. ಆ ಕುಟುಂಬಗಳ ಸಂತೋಷ ಸಂಪೂರ್ಣವಾಗಿ ನ್ಯಾಯವಾದದ್ದು. ಆದರೂ ಅದು ಸಾಧ್ಯವಾದದ್ದು ವರಳಿಯ ನೆಲ ವರಳಿಯದಾಗಿದ್ದರಿಂದ. ಮಾನಖುರ್ದಿನ ಜೋಪಡಿಗೆ ಅದೇ ಲೆಕ್ಕ ಹೊಂದುವುದಿಲ್ಲ.

ಈ ಎಲ್ಲ ಏರ್ಪಾಡುಗಳಲ್ಲಿ ಹೆಸರೇ ಇಲ್ಲದಿರುವುದು ಇನ್ನೂ ನಗರಕ್ಕೆ ಬಂದಿಲ್ಲದವರದು. ಬಾಡಿಗೆ ಕಾಯಿದೆ ಅಂದು ಒಳಗಿದ್ದವನನ್ನು ಕಾಯಿತು, ಪುನರ್ವಸತಿ ಯೋಜನೆ ನಿಗದಿತ ದಿನಾಂಕದೊಳಗೆ ಜೋಪಡಿ ಹಾಕಿದವನನ್ನು ಕಾಯುತ್ತದೆ. ನಾಳೆ ಕಲಬುರ್ಗಿಯಿಂದಲೋ ಬೈಂದೂರಿನಿಂದಲೋ ಕುರ್ಲಾಕ್ಕೆ ಬಂದಿಳಿಯುವವನಿಗೆ ಮತವೂ ಇಲ್ಲ, ದಿನಾಂಕದ ದಾಖಲೆಯೂ ಇಲ್ಲ. ಅವನಿಗೆ ಬೇಕಾದದ್ದು ಸ್ವಂತದ ಮನೆಯಲ್ಲ, ಸಂಬಳಕ್ಕೆ ಎಟುಕುವ ಬಾಡಿಗೆಯ ಒಂದು ಕೋಣೆ. ನೂರು ವರ್ಷಗಳ ಹಿಂದೆ ಖಾಸಗಿಯವರು ಲಾಭಕ್ಕಾಗಿಯೇ ಅಂಥ ಸಾವಿರಾರು ಕೋಣೆಗಳನ್ನು ಕಟ್ಟುತ್ತಿದ್ದರು, ಈಗ ಮಾರಲು ಕಟ್ಟುವವರಿದ್ದಾರೆಯೇ ಹೊರತು ಬಾಡಿಗೆಗೆಂದು ಕಟ್ಟುವವರು ವಿರಳ. ಈ ಕೊರತೆಯನ್ನು ಗುರುತಿಸಿ 2008ರಲ್ಲಿ ಎಂ.ಎಂ.ಆರ್.ಡಿ.ಎ. ಎಂಬ ಅಭಿವೃದ್ಧಿ ಪ್ರಾಧಿಕಾರವು ಮಹಾನಗರ ಪ್ರದೇಶದಲ್ಲಿ 160 ಚದರಡಿಯ ಬಾಡಿಗೆ ಕೋಣೆಗಳ ಯೋಜನೆಯೊಂದನ್ನು ಹಾಕಿಕೊಂಡಿತು. ಕಟ್ಟಿದ ಕೋಣೆಗಳಲ್ಲಿ ಒಂದು ಭಾಗವನ್ನು ಪನವೇಲ್ ಬಳಿಯ ಕೋನದಲ್ಲಿ ಎರಡೆರಡಾಗಿ ಸೇರಿಸಿ 320 ಚದರಡಿಯ ಸ್ವಂತ ಮನೆಗಳಾಗಿ, 1982ರ ಮುಷ್ಕರದ ಅನಂತರ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರಿಗೆ ಹಂಚಲಾಯಿತು. ಆ ಕಾರ್ಮಿಕರ ಹಕ್ಕು ಪ್ರಶ್ನಾತೀತವಾದದ್ದು, ಅವರು ಮೂರು ದಶಕ ಕಾದಿದ್ದರು. ಆದರೆ ಬಾಡಿಗೆಗೆಂದು ಕಟ್ಟಿದ ಆ ಕೋಣೆಗಳು ಬಾಡಿಗೆಗೆ ಸಿಗದೇ ಹೋದವು, ಮತ್ತು ಹೊಸಬನ ಮೊದಲ ರಾತ್ರಿ ಇಂದಿಗೂ ಊರಿನವರೊಬ್ಬರ ಖೋಲಿಯಲ್ಲಿಯೋ ಹೊಟೇಲಿನ ಅಟ್ಟದಲ್ಲಿಯೋ ಕಳೆಯುತ್ತದೆ.